ಟೇಪು ಹಿಡಿದು ಬೀದಿಗಿಳಿಯಿರಿ: ತುಮಕೂರಿನ ಬಡಾವಣೆಗಳಲ್ಲಿ ನಡೆಯೋಕೆ ಜಾಗ, ನಿಲ್ಲೋಕೆ ನೆರಳು

ತುಮಕೂರು ಕಾಲ್ನಡಿಗೆಗೆ ಹೇಳಿ ಮಾಡಿಸಿದಂಥ ಊರು. ಟೌನ್‌ಹಾಲ್, ಬಸ್ ಸ್ಟ್ಯಾಂಡ್, ಅಶೋಕ ರಸ್ತೆ, ಎಂ.ಜಿ. ರಸ್ತೆ ಎಲ್ಲಾ ಹತ್ತಿರ ಹತ್ತಿರ. ರೈಲ್ವೆ ಸ್ಟೇಷನ್ನೂ ಅಷ್ಟೇನು ದೂರವಿಲ್ಲ. ಆದರೂ ಅರ್ಧ ಕಿಲೋಮೀಟರ್ ಆಚೆಯ ಅಂಗಡಿಯಿಂದ ಹಾಲು ತರೋಕೂ ನಾವು ಸ್ಕೂಟರ್ ತೆಗೆಯುತ್ತೇವೆ. ಸೋಮಾರಿಗಳು ಅಂತ ಬೈಯೋದು ಸುಲಭ. ಒಂದು ಕೈಯಲ್ಲಿ ತರಕಾರಿ ಚೀಲ, ಇನ್ನೊಂದು ಕೈಯಲ್ಲಿ ಮಗುವಿನ ಕೈ ಹಿಡಿದು ನಿಮ್ಮ ಬಡಾವಣೆಯ ಮುಖ್ಯರಸ್ತೆಯಲ್ಲಿ ಸಂಜೆ ಆರೂವರೆಗೆ ಒಮ್ಮೆ ನಡೆದು ನೋಡಿ. ಸ್ಕೂಟರ್ ಯಾಕೆ ಅಂತ ತಾನಾಗಿ ತಿಳಿಯುತ್ತದೆ.

2016ರಲ್ಲಿ ತುಮಕೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಮೇಲೆ ಕೆಲವು ರಸ್ತೆಗಳಿಗೆ ಒಳ್ಳೆಯ ಫುಟ್‌ಪಾತ್ ಬಂತು. ಅಮಾನಿಕೆರೆಯ ದಂಡೆ ವಾಕಿಂಗ್‌ನವರಿಗೆ ಸಿಕ್ಕಿತು. ಆದರೆ ಮನೆಯಿಂದ ಆ ದಂಡೆಯವರೆಗೆ ನಡೆದು ಹೋಗುವ ದಾರಿ? ಅದು ಸಿಗಲಿಲ್ಲ. ಹಾಗಾಗಿ ಜನ ಕೆರೆಯವರೆಗೆ ಗಾಡಿಯಲ್ಲಿ ಹೋಗಿ, ಅಲ್ಲಿ ಎರಡು ಸುತ್ತು ನಡೆದು, ಮತ್ತೆ ಗಾಡಿ ಹತ್ತಿ ಮನೆಗೆ ಬರುತ್ತಾರೆ.

ಇದನ್ನು ಸರಿ ಮಾಡೋಕೆ ಬಡಾವಣೆಯವರು ಏನು ಮಾಡಬಹುದು ಅನ್ನೋದು ಈ ಲೇಖನ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. "ನಮ್ಮ ನಗರವನ್ನು ಹಸಿರು ನಗರ ಮಾಡಿ" ಅಂತ ಕೊಟ್ಟ ಮನವಿಯಿಂದ ಏನೂ ಆಗೋಲ್ಲ. ಆ ವಾಕ್ಯಕ್ಕೆ ಯಾವ ಎಂಜಿನಿಯರ್ ಕೂಡ ಎಸ್ಟಿಮೇಟ್ ಹಾಕೋಕಾಗೋಲ್ಲ. "ಇಂಥ ಅಡ್ಡರಸ್ತೆಯಿಂದ ಇಂಥ ಶಾಲೆಯವರೆಗೆ 340 ಮೀಟರ್, ಎಡಬದಿಗೆ 1.8 ಮೀಟರ್ ಅಗಲದ ಫುಟ್‌ಪಾತ್" ಅಂದರೆ ಅದು ಕಡತಕ್ಕೆ ಹೋಗುತ್ತದೆ. ಮೀಟರ್‌ನಲ್ಲಿ ಮಾತಾಡಬೇಕು.

ಊರಿಡೀ ಬೇಡ, ಒಂದು ಬೀದಿ ಸಾಕು

ಮೊದಲು ಅರ್ಧ ಕಿಲೋಮೀಟರ್ ಒಳಗಿನ ಒಂದು ತುಂಡು ರಸ್ತೆ ಆರಿಸಿಕೊಳ್ಳಿ. ಚೆನ್ನಾಗಿ ಕಾಣುವ ರಸ್ತೆಯಲ್ಲ, ಜಾಸ್ತಿ ಜನ ನಡೆಯುವ ರಸ್ತೆ. ಒಂದು ತುದಿಯಲ್ಲಿ ಶಾಲೆಯೋ ಅಂಗನವಾಡಿಯೋ ಇರಲಿ, ಇನ್ನೊಂದು ತುದಿಯಲ್ಲಿ ಬಸ್ ನಿಲ್ಲುವ ಜಾಗವೋ ನ್ಯಾಯಬೆಲೆ ಅಂಗಡಿಯೋ ಪಾರ್ಕೋ ಇರಲಿ.

ಬಿ.ಎಚ್. ರಸ್ತೆಯಂಥ ದೊಡ್ಡ ರಸ್ತೆಗೆ ಮೊದಲೇ ಕೈ ಹಾಕಬೇಡಿ. ಅಲ್ಲಿ ಹತ್ತು ಇಲಾಖೆಗಳ ಕೈ ಇರುತ್ತದೆ. ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಿ ಕಳಿಸಿಬಿಡುತ್ತಾರೆ. ಗುಬ್ಬಿ ಗೇಟ್, ಬಟವಾಡಿ, ಕ್ಯಾತ್ಸಂದ್ರ, ಎಸ್‌ಐಟಿ ಬಡಾವಣೆ, ಶೆಟ್ಟಿಹಳ್ಳಿ ಎಲ್ಲೇ ಇರಿ, ಒಳಗಿನ ವಾರ್ಡ್ ರಸ್ತೆಯಿಂದ ಶುರು ಮಾಡಿ.

ಆ ರಸ್ತೆ ಯಾರದ್ದು ಅಂತ ಗೊತ್ತು ಮಾಡಿಕೊಳ್ಳೋದು ಅಳತೆಗಿಂತ ಮುಂಚಿನ ಕೆಲಸ. ಮಹಾನಗರ ಪಾಲಿಕೆಯದ್ದಾ? ಲೋಕೋಪಯೋಗಿ ಇಲಾಖೆಯದ್ದಾ? ನಗರಾಭಿವೃದ್ಧಿ ಪ್ರಾಧಿಕಾರ, ಅಂದರೆ ಟೂಡಾ ಮಾಡಿದ ಬಡಾವಣೆಯಾಗಿದ್ದು ಇನ್ನೂ ಪಾಲಿಕೆಗೆ ಹಸ್ತಾಂತರ ಆಗಿಲ್ಲವಾ? ಖಾಸಗಿ ಲೇಔಟ್ ಆಗಿದ್ದರೆ ರಸ್ತೆಯನ್ನು ಬಿಟ್ಟುಕೊಟ್ಟ ಕಾಗದ ಇದೆಯಾ? ವಾರ್ಡಿನ ಎಂಜಿನಿಯರ್‌ಗೆ ಕೇಳಿದರೆ ಬಾಯಿಮಾತಿನಲ್ಲಿ ಹೇಳುತ್ತಾರೆ. ಸಾಧ್ಯವಾದರೆ ಬರಹದಲ್ಲೇ ಪಡೆಯಿರಿ. ಹಸ್ತಾಂತರವಾಗದ ಬಡಾವಣೆಯಲ್ಲಿ ಪಾಲಿಕೆ ದುಡ್ಡು ಹಾಕೋದು ಕಷ್ಟ. ಅಂಥ ಕಡೆ ನಿಮ್ಮ ಮೊದಲ ಮನವಿ ಫುಟ್‌ಪಾತ್‌ಗಲ್ಲ, ಹಸ್ತಾಂತರಕ್ಕೆ.

ಟೇಪು, ಸೀಮೆಸುಣ್ಣ, ಜೊತೆಗೊಬ್ಬ ಅಜ್ಜಿ

ಅಳೆಯೋಕೆ ಬೇಕಾದದ್ದು ಇಷ್ಟೇ: ಐದು ಮೀಟರ್ ಟೇಪು, ಸೀಮೆಸುಣ್ಣ, ಒಂದು ನೋಟ್‌ಬುಕ್, ಫೋನ್. ಜೊತೆಗೆ ಬೇರೆ ಬೇರೆ ಥರ ನಡೆಯುವ ಮೂರು ನಾಲ್ಕು ಜನ. ಮಂಡಿನೋವಿನ ಅಜ್ಜಿ, ಶಾಲೆಗೆ ಹೋಗುವ ಹುಡುಗ, ಕಣ್ಣು ಕಾಣದವರು ಅಥವಾ ಗಾಲಿಕುರ್ಚಿ ಬಳಸುವವರು ಯಾರಾದರೂ ಇದ್ದರೆ ಅವರು. ಗಟ್ಟಿಮುಟ್ಟಾದ ಗಂಡಸರೇ ಸೇರಿ ಅಳೆದರೆ ಎಲ್ಲವೂ "ಪರವಾಗಿಲ್ಲ" ಅನ್ನಿಸುತ್ತದೆ. ಅಜ್ಜಿ ಕಾಲಿಡೋಕೆ ಹಿಂದೆಮುಂದೆ ನೋಡುವ ಜಾಗದಲ್ಲಿ ಸೀಮೆಸುಣ್ಣದ ಗುರುತು ಹಾಕಿ, ಫೋಟೋ ತೆಗೆಯಿರಿ.

ಯಾವ ಅಳತೆಗೆ ಹೋಲಿಸಬೇಕು? ರಸ್ತೆಗಳಿಗೆ ಮಾನದಂಡ ರೂಪಿಸುವ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪಾದಚಾರಿಗಳಿಗಾಗಿಯೇ ಐಆರ್‌ಸಿ 103 ಅನ್ನುವ ಮಾರ್ಗಸೂಚಿ ಮಾಡಿದೆ. ಎಂಜಿನಿಯರುಗಳಿಗೆ ಈ ಹೆಸರು ಗೊತ್ತಿರುತ್ತದೆ, ನಿಮ್ಮ ಬಾಯಲ್ಲಿ ಕೇಳಿದರೆ ಸ್ವಲ್ಪ ನೆಟ್ಟಗೆ ಕೂರುತ್ತಾರೆ. ಅದರ ಪ್ರಕಾರ ಮನೆಗಳಿರುವ ರಸ್ತೆಯಲ್ಲಿ ಅಡ್ಡಿಯಿಲ್ಲದೆ ನಡೆಯುವ ಜಾಗ ಕನಿಷ್ಠ 1.8 ಮೀಟರ್ ಅಗಲ ಇರಬೇಕು, ತಲೆಯ ಮೇಲೆ 2.2 ಮೀಟರ್ ಎತ್ತರದವರೆಗೆ ಏನೂ ಇರಬಾರದು. ಅಂಗಡಿ ಸಾಲಿರುವ ಕಡೆ ಅಗಲ 2.5 ಮೀಟರ್. ರಸ್ತೆಯಿಂದ ಫುಟ್‌ಪಾತ್‌ನ ಎತ್ತರ 15 ಸೆಂಟಿಮೀಟರ್ ಮೀರಬಾರದು.

"ಅಡ್ಡಿಯಿಲ್ಲದೆ" ಅನ್ನುವಲ್ಲೇ ಇದೆ ಗುಟ್ಟು. ಕಾಗದದಲ್ಲಿ ಎರಡು ಮೀಟರ್ ಇರುವ ಫುಟ್‌ಪಾತ್ ಮಧ್ಯೆ ಟ್ರಾನ್ಸ್‌ಫಾರ್ಮರ್ ಕೂತಿದ್ದರೆ ಅಲ್ಲಿ ಉಳಿಯೋದು ಅರವತ್ತು ಸೆಂಟಿಮೀಟರ್. ಅದನ್ನೇ ಬರೆದುಕೊಳ್ಳಿ. ಪ್ರತಿ ಹತ್ತು ಮೀಟರ್‌ಗೆ ಒಂದು ಸಾಲು: ನಡೆಯೋಕೆ ಸಿಗುವ ಅಗಲ, ಎತ್ತರ, ಏನು ಅಡ್ಡಿ, ನೆರಳು ಇದೆಯಾ, ಬೀದಿದೀಪ ಉರಿಯುತ್ತದಾ, ಚರಂಡಿ ಚಪ್ಪಡಿ ಗಟ್ಟಿಯಿದೆಯಾ.

ಒಂದೇ ಹೊತ್ತಿಗೆ ಅಳೆದರೆ ಸಾಲದು. ಬೆಳಿಗ್ಗೆ ಶಾಲೆಯ ಹೊತ್ತಿಗೆ ಒಂದು ಸಲ, ಸಂಜೆ ಕತ್ತಲಾದ ಮೇಲೆ ಒಂದು ಸಲ, ಜೋರು ಮಳೆ ನಿಂತ ತಕ್ಷಣ ಒಂದು ಸಲ ಹೋಗಿ. ನೀರು ಎಲ್ಲಿ ನಿಲ್ಲುತ್ತದೆ ಅನ್ನೋದನ್ನ ಮಳೆ ಬಂದಾಗ ಮಾತ್ರ ಕಲಿಯೋಕೆ ಸಾಧ್ಯ. ಏಪ್ರಿಲ್ ಮಧ್ಯಾಹ್ನ ಒಮ್ಮೆ ಹೋದರೆ ಮರ ಎಲ್ಲಿ ಬೇಕು ಅನ್ನೋದಕ್ಕೆ ಬೇರೆ ಪುರಾವೆ ಬೇಡ.

ಮೊದಲು ನಮ್ಮ ಗೇಟಿನ ಮುಂದೆ

ಇನ್ನು ಎಲ್ಲರಿಗೂ ಇರಿಸುಮುರಿಸಾಗುವ ವಿಷಯ. ನಿಮ್ಮ ನೋಟ್‌ಬುಕ್ ತಿರುವಿ ಹಾಕಿದರೆ ಗೊತ್ತಾಗುತ್ತದೆ, ಒಳ ರಸ್ತೆಗಳಲ್ಲಿ ಫುಟ್‌ಪಾತ್ ನುಂಗಿರೋದು ಬೆಸ್ಕಾಂ ಕಂಬ ಅಲ್ಲ, ತಳ್ಳುಗಾಡಿಯೂ ಅಲ್ಲ. ನಮ್ಮ ಮನೆಗಳ ರ‍್ಯಾಂಪು.

ಒಂದು ಸಾಮಾನ್ಯ ಬೀದಿ ತೆಗೆದುಕೊಳ್ಳಿ. ಮೊದಲ ಮನೆಯವರು ಕಾರು ಹತ್ತಿಸೋಕೆ ಅಂತ ಗೇಟಿನಿಂದ ರಸ್ತೆಯವರೆಗೆ ಇಳಿಜಾರು ಹಾಕಿ, ಜಾರಬಾರದು ಅಂತ ಮೇಲೆ ಗೆರೆ ಎಳೆಸಿದ್ದಾರೆ. ಎರಡನೆಯ ಮನೆ ಅದಕ್ಕಿಂತ ಒಂದಡಿ ಎತ್ತರ, ಹಾಗಾಗಿ ಅವರ ರ‍್ಯಾಂಪು ಟಾರಿನ ಮೇಲೂ ಒಂದಡಿ ಚಾಚಿದೆ. ಮೂರನೆಯವರು ಫುಟ್‌ಪಾತ್ ಜಾಗಕ್ಕೆ ಕಬ್ಬಿಣದ ಬೇಲಿ ಹಾಕಿ ದಾಸವಾಳ, ಕ್ರೋಟನ್ ಬೆಳೆಸಿದ್ದಾರೆ. ನಾಲ್ಕನೆಯವರ ಸಂಪಿನ ಮುಚ್ಚಳ ಹೊರಗಿದೆ. ಐದನೆಯವರು ಎರಡು ಮೆಟ್ಟಿಲು ಕಟ್ಟಿ ಅದಕ್ಕೆ ಗ್ರಾನೈಟ್ ಹಾಸಿದ್ದಾರೆ. ಇಷ್ಟರ ಮೇಲೆ ಕಾಲಿಟ್ಟು ಹತ್ತಿ ಇಳಿದು ಹೋಗೋಕೆ ಯಾರಿಗೆ ಹುಚ್ಚು? ಜನ ರಸ್ತೆಯಲ್ಲೇ ನಡೆಯುತ್ತಾರೆ. ಆಮೇಲೆ "ಫುಟ್‌ಪಾತ್ ಮಾಡಿಸಿದರೆ ಯಾರು ಬಳಸ್ತಾರೆ" ಅಂತ ನಾವೇ ಕೇಳುತ್ತೇವೆ.

ಪಾಲಿಕೆಗೆ ಹೋಗುವ ಮುಂಚೆ ಬೀದಿಯವರು ಒಂದು ಭಾನುವಾರ ಸೇರಿ ಇದನ್ನು ಮಾತಾಡಲೇಬೇಕು. ಯಾಕೆಂದರೆ ಎಸ್ಟಿಮೇಟ್ ಆಗಿ ಕೆಲಸ ಶುರುವಾದ ಮೇಲೆ "ನಮ್ಮನೆ ರ‍್ಯಾಂಪ್ ಮುಟ್ಟಬೇಡಿ" ಅಂತ ಒಬ್ಬರು ನಿಂತರೂ ಸಾಕು, ಗುತ್ತಿಗೆದಾರರು ಆ ಮನೆ ಬಿಟ್ಟು ಮುಂದೆ ಹೋಗುತ್ತಾರೆ. ಅಲ್ಲಿಗೆ ಫುಟ್‌ಪಾತ್ ಹಲ್ಲುಬಿದ್ದ ಬಾಯಿ.

ಕಾರು ಒಳಗೆ ಹೋಗೋದೂ ಬೇಡವಾ? ಬೇಕು. ಪರಿಹಾರ ಹೀಗಿದೆ. ಫುಟ್‌ಪಾತ್ ಮಟ್ಟ ಎಲ್ಲಾ ಗೇಟುಗಳ ಮುಂದೂ ಒಂದೇ ಸಮ ಹೋಗಲಿ. ರಸ್ತೆಯಂಚಿನಲ್ಲಿ ಮಾತ್ರ, ಗೇಟಿನಷ್ಟು ಅಗಲಕ್ಕೆ, ಕಾರಿನ ಚಕ್ರ ಹತ್ತುವಂಥ ಚಿಕ್ಕ ಇಳಿಜಾರು ಇರಲಿ. ಮನೆ ಇನ್ನೂ ಎತ್ತರದಲ್ಲಿದ್ದರೆ ಉಳಿದ ಇಳಿಜಾರು ಕಾಂಪೌಂಡ್ ಒಳಗೆ. ಅಂದರೆ ಕಾರು ಫುಟ್‌ಪಾತ್ ಹತ್ತಿ ಹೋಗಬೇಕು, ನಡೆಯುವವರು ಇಳಿದು ಹತ್ತಬಾರದು. ಹೊಸದಾಗಿ ಮನೆ ಕಟ್ಟುತ್ತಿರುವವರು ಬೀದಿಯಲ್ಲಿದ್ದರೆ ಅವರನ್ನ ಮೊದಲು ಹಿಡಿಯಿರಿ. ಪ್ಲಿಂತ್ ಎತ್ತರ, ಅಂದರೆ ಮನೆಯ ನೆಲ ರಸ್ತೆಗಿಂತ ಎಷ್ಟು ಮೇಲಿರಬೇಕು ಅನ್ನೋದು ತೀರ್ಮಾನವಾಗುವ ಹೊತ್ತಿನಲ್ಲಿ ಹೇಳಿದರೆ ಖರ್ಚಿಲ್ಲದೆ ಆಗುವ ಕೆಲಸ ಇದು.

ಅಡ್ಡರಸ್ತೆ ಸೇರುವ ಕಡೆ ಫುಟ್‌ಪಾತ್ ಇಳಿಯಲೇಬೇಕಾದರೆ ಇಳಿಜಾರು 12ಕ್ಕೆ 1ರಂತೆ ಇರಬೇಕು. ಹದಿನೈದು ಸೆಂಟಿಮೀಟರ್ ಇಳಿಯೋಕೆ 1.8 ಮೀಟರ್ ಉದ್ದ. ಇದಕ್ಕಿಂತ ಕಡಿದಾದರೆ ಗಾಲಿಕುರ್ಚಿಯವರು ಬೇರೆಯವರ ಸಹಾಯ ಇಲ್ಲದೆ ಹತ್ತೋಕಾಗೋಲ್ಲ. ಇನ್ನೂ ಒಳ್ಳೆಯ ದಾರಿ ಎಂದರೆ ಅಡ್ಡರಸ್ತೆಯನ್ನೇ ಫುಟ್‌ಪಾತ್ ಮಟ್ಟಕ್ಕೆ ಎತ್ತಿಬಿಡೋದು. ಗಾಡಿಗಳಿಗೆ ಅದೇ ಹಂಪ್, ನಡೆಯುವವರಿಗೆ ಅದೇ ದಾರಿ. ಶಾಲೆಯ ಮುಂದೆ ಬೇರೇನೂ ಆಗದಿದ್ದರೂ ಇದೊಂದನ್ನು ಕೇಳಿ.

20 ಅಡಿ, 30 ಅಡಿ, 40 ಅಡಿ

"ನಮ್ಮ ರಸ್ತೆ ಸಣ್ಣದು, ಫುಟ್‌ಪಾತ್‌ಗೆ ಎಲ್ಲಿ ಜಾಗ" ಅನ್ನೋರಿಗೆ ಲೆಕ್ಕ ತೋರಿಸಿ.

40 ಅಡಿ ಅಂದರೆ 12.2 ಮೀಟರ್. ಎರಡೂ ಕಡೆ 1.8 ಮೀಟರ್ ಫುಟ್‌ಪಾತ್, ಎರಡೂ ಕಡೆ ಒಂದೊಂದು ಮೀಟರ್ ಮರದ ಸಾಲು ಬಿಟ್ಟರೂ ಗಾಡಿಗಳಿಗೆ 6.6 ಮೀಟರ್ ಉಳಿಯುತ್ತದೆ. ಧಾರಾಳ. 30 ಅಡಿ ಅಂದರೆ 9.1 ಮೀಟರ್. ಎರಡು ಕಡೆ ಫುಟ್‌ಪಾತ್ ಮಾಡಿದರೆ 5.5 ಉಳಿಯುತ್ತದೆ, ಎರಡು ಕಾರು ನಿಧಾನವಾಗಿ ಒಂದನ್ನೊಂದು ದಾಟಬಹುದು. ಒಂದು ಕಡೆ ಮರದ ಸಾಲೂ ಬೇಕೆಂದರೆ 4.5 ಮೀಟರ್, ಒಂದು ಕಾರು, ಪಕ್ಕದಲ್ಲಿ ಒಂದು ಸ್ಕೂಟರ್. ಒಳ ರಸ್ತೆಗೆ ಅಷ್ಟು ಸಾಕು ಅನ್ನೋದು ನನ್ನ ವಾದ. ಒಪ್ಪದವರು ಇರುತ್ತಾರೆ. ಅವರ ಕಾರು ಸಾಮಾನ್ಯವಾಗಿ ರಸ್ತೆಯಲ್ಲೇ ನಿಂತಿರುತ್ತದೆ.

20 ಅಡಿ, ಅಂದರೆ 6 ಮೀಟರ್ ಚಿಲ್ಲರೆ ರಸ್ತೆಯಲ್ಲಿ ಫುಟ್‌ಪಾತ್ ಬೇಡ. ಅರ್ಧಂಬರ್ಧ ಮಾಡಿದರೆ ಅದು ಬೈಕ್ ನಿಲ್ಲಿಸುವ ಕಟ್ಟೆಯಾಗುತ್ತದೆ ಅಷ್ಟೆ. ಅಲ್ಲಿ ಇಡೀ ರಸ್ತೆಯೇ ನಡೆಯುವವರದ್ದು ಅಂತ ಮಾಡಿ, ಗಾಡಿಗಳ ವೇಗ ತಗ್ಗಿಸಬೇಕು. ಜನರೂ ಗಾಡಿಗಳೂ ಬೆರೆಯುವ ಕಡೆ ಗಂಟೆಗೆ 30 ಕಿ.ಮೀ. ಮೀರದ ವೇಗ ಇರಬೇಕು ಅಂತ ರಸ್ತೆ ಸುರಕ್ಷತೆ ಬಗ್ಗೆ ನಡೆದ ಜಾಗತಿಕ ಸಮ್ಮೇಳನದ 2020ರ ಫೆಬ್ರವರಿಯ ಸ್ಟಾಕ್‌ಹೋಮ್ ಘೋಷಣೆ ಹೇಳಿತು. ಪಾದಚಾರಿಗೆ ಗಾಡಿ ಬಡಿದಾಗ ಬದುಕುವ ಸಾಧ್ಯತೆ 50ರ ವೇಗಕ್ಕಿಂತ 30ರಲ್ಲಿ ಎಷ್ಟೋ ಪಾಲು ಜಾಸ್ತಿ. ಹಾಗಂತ ಮನೆಮುಂದೆ ರಾತ್ರೋರಾತ್ರಿ ಸಿಮೆಂಟ್ ಸುರಿದು ಹಂಪ್ ಮಾಡಬೇಡಿ. ಗುರುತಿಲ್ಲದ, ಬಣ್ಣವಿಲ್ಲದ ಹಂಪ್‌ನಿಂದ ರಾತ್ರಿ ಹೊತ್ತು ಬೀಳುವವರೇ ಹೆಚ್ಚು.

ಗಿಡ ನೆಡೋದು ಒಂದು ದಿನ, ನೀರು ಹಾಕೋದು ಮೂರು ಬೇಸಿಗೆ

ಜೂನ್ 5ರ ಪರಿಸರ ದಿನಕ್ಕೆ ಫೋಟೋ ತೆಗೆಸಿಕೊಂಡು ನೆಟ್ಟ ಗಿಡಗಳಲ್ಲಿ ಮುಂದಿನ ಜೂನ್‌ಗೆ ಎಷ್ಟು ಉಳಿದಿರುತ್ತವೆ ಅಂತ ನಿಮಗೂ ಗೊತ್ತು. ನಮ್ಮ ಜಿಲ್ಲೆಯ ಗುಬ್ಬಿಯಲ್ಲಿ ಹುಟ್ಟಿದ ಸಾಲುಮರದ ತಿಮ್ಮಕ್ಕ, ಗಂಡನ ಜೊತೆ ಸೇರಿ ಹುಲಿಕಲ್‌ನಿಂದ ಕುದೂರಿನ ಕಡೆಗೆ ಆಲದ ಸಾಲು ಬೆಳೆಸಿದ್ದು ಎಲ್ಲರಿಗೂ ತಿಳಿದ ವಿಷಯ. ಅವರು ಮಾಡಿದ ಕೆಲಸದಲ್ಲಿ ನೆಟ್ಟದ್ದು ಸಣ್ಣ ಭಾಗ. ಕೊಡದಲ್ಲಿ ನೀರು ಹೊತ್ತು ಹಾಕಿದ್ದು, ದನ ತಿನ್ನದಂತೆ ಮುಳ್ಳು ಕಟ್ಟಿದ್ದು ದೊಡ್ಡ ಭಾಗ.

ಹಾಗಾಗಿ ಗಿಡದ ಲೆಕ್ಕ ಮಾಡಬೇಡಿ, ನೀರು ಹಾಕುವವರ ಲೆಕ್ಕ ಮಾಡಿ. ಎಂಟು ಮನೆಯವರು ಒಪ್ಪಿದರೆ ಎಂಟೇ ಗಿಡ. ಯಾವ ಗಿಡ ಯಾವ ಮನೆಯದ್ದು ಅಂತ ಹಂಚಿಕೊಳ್ಳಿ. ಜನವರಿಯಿಂದ ಮೇವರೆಗೆ ವಾರಕ್ಕೆರಡು ಸಲ ಎರಡು ಬಕೆಟ್. ಮೊದಲ ಮೂರು ಬೇಸಿಗೆ ದಾಟಿದರೆ ಹೊಂಗೆ, ಬೇವು ತಮ್ಮ ದಾರಿ ತಾವು ನೋಡಿಕೊಳ್ಳುತ್ತವೆ.

ಯಾವ ಗಿಡ ಎಲ್ಲಿ ಅಂದರೆ, ಕರೆಂಟ್ ತಂತಿ ಇರುವ ಬದಿಗೆ ಎತ್ತರ ಹೋಗದ ಮರ ಹಾಕಿ. ಇಲ್ಲದಿದ್ದರೆ ಪ್ರತಿ ವರ್ಷ ಮಳೆಗಾಲದ ಮುಂಚೆ ಬೆಸ್ಕಾಂನವರು ಬಂದು ನೆತ್ತಿ ಕತ್ತರಿಸುತ್ತಾರೆ, ಅವರ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ. ಹೊಳೆದಾಸವಾಳ ಅಲ್ಲಿಗೆ ಒಗ್ಗುತ್ತದೆ, ಹೂವೂ ಬಿಡುತ್ತದೆ. ತಂತಿ ಇಲ್ಲದ ಬದಿಗೆ ಹೊಂಗೆ, ಬೇವು. ಹೊಂಗೆ ನೆರಳಿಗೆ ಸಾಟಿಯಿಲ್ಲ, ಬಿರುಬೇಸಿಗೆ ಬರುವಷ್ಟರಲ್ಲಿ ಹೊಸ ಚಿಗುರು ಹೊತ್ತು ನಿಂತಿರುತ್ತದೆ. ಆಲ, ಅರಳಿ, ಗೋಣಿಯನ್ನು ಬೀದಿಗೆ ಹಾಕಬೇಡಿ; ಪಾರ್ಕಿನ ಮೂಲೆ, ಕೆರೆ ಅಂಚು, ದೇವಸ್ಥಾನದ ಕಟ್ಟೆ ಅವುಗಳ ಜಾಗ. ನೇರಳೆ ಒಳ್ಳೆಯ ಮರವೇ, ಆದರೆ ಹಣ್ಣಿನ ಕಾಲದಲ್ಲಿ ಫುಟ್‌ಪಾತ್ ಜಾರುತ್ತದೆ. ಶಾಲೆ ಮೈದಾನದಲ್ಲಿ ನೆಟ್ಟರೆ ಮಕ್ಕಳಿಗೆ ಹಬ್ಬ.

ಬುಡದ ವಿಷಯ ಸ್ವಲ್ಪ ಹೇಳಬೇಕು. ನಮ್ಮಲ್ಲಿ ಫುಟ್‌ಪಾತ್ ಕೆಲಸ ಮಾಡುವಾಗ ಇರುವ ಮರದ ಕುತ್ತಿಗೆವರೆಗೆ ಕಾಂಕ್ರೀಟ್ ತುಂಬಿಬಿಡುತ್ತಾರೆ. ಹತ್ತಿರ ಹೋಗಿ ನೋಡಿ: ತೊಗಟೆಗೂ ಸಿಮೆಂಟಿಗೂ ನಡುವೆ ಬೆರಳು ತೂರಲೂ ಜಾಗವಿಲ್ಲ. ಮಳೆನೀರು ಬುಡ ಮುಟ್ಟೋಲ್ಲ. ಬೇರು ಉಸಿರಾಡೋಕೆ ಜಾಗವಿಲ್ಲದೆ ಮೇಲೆದ್ದು ಟೈಲ್ಸ್ ಎತ್ತುತ್ತದೆ. ಆಮೇಲೆ ಮರವೇ ತಪ್ಪಿತಸ್ಥ ಅಂತ ಕಡಿಯುತ್ತಾರೆ. ದೆಹಲಿಯಲ್ಲಿ ಇಂಥ ಕಾಂಕ್ರೀಟನ್ನು ಮರದ ಸುತ್ತ ಒಂದು ಮೀಟರ್‌ವರೆಗೆ ಕಿತ್ತುಹಾಕಿ ಅಂತ 2013ರಲ್ಲೇ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತ್ತು. ನಿಮ್ಮ ಮನವಿಯಲ್ಲೂ ಅದೇ ಅಳತೆ ಬರೆಯಿರಿ. ಗಿಡ ದಪ್ಪವಾದ ಮೇಲೆ ಕಬ್ಬಿಣದ ಗಾರ್ಡ್ ಬಿಚ್ಚೋದನ್ನೂ ಮರೆಯಬೇಡಿ. ಅದು ಮರದ ಮೈಯೊಳಗೇ ಹೂತುಹೋಗಿರೋದನ್ನ ಎಷ್ಟೋ ಕಡೆ ನೋಡಬಹುದು.

ಇರುವ ಮರ ಕಡಿಯಬೇಕಾದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ವೃಕ್ಷ ಅಧಿಕಾರಿಯ ಅನುಮತಿ ಬೇಕು. ನಿಮ್ಮ ಬೀದಿಯಲ್ಲಿ ಗರಗಸ ಹಿಡಿದು ಬಂದವರನ್ನು ಕೇಳಬೇಕಾದ್ದು ಒಂದೇ ಪ್ರಶ್ನೆ: "ಅನುಮತಿ ಪತ್ರ ತೋರಿಸ್ತೀರಾ ಸಾರ್?"

ಮಳೆನೀರು ಇಂಗಲಿ

ಊರಿಗೆ ಕುಡಿಯುವ ನೀರು ಹೇಮಾವತಿಯಿಂದ ಬುಗುಡನಹಳ್ಳಿ ಕೆರೆಗೆ ಬಂದು ಅಲ್ಲಿಂದ ಬರಬೇಕು. ಅಷ್ಟು ದೂರದ ನೀರನ್ನು ಕಾಯುತ್ತಾ ನಮ್ಮ ಸೂರಿನ ನೀರನ್ನು ಮೋರಿಗೆ ಬಿಡುತ್ತೇವೆ. ಲೆಕ್ಕ ಸರಳ. ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. 30×40 ಅಡಿ ಸೈಟು ಅಂದರೆ ಸುಮಾರು 111 ಚದರ ಮೀಟರ್. ವರ್ಷಕ್ಕೆ 600 ಮಿ.ಮೀ. ಮಳೆ ಅಂದುಕೊಂಡರೂ 66 ಸಾವಿರ ಲೀಟರ್ ದಾಟುತ್ತದೆ. ಐದರಲ್ಲೊಂದು ಪಾಲು ಪೋಲಾದರೂ ಐವತ್ತು ಸಾವಿರಕ್ಕೆ ಮೋಸವಿಲ್ಲ.

ಬೀದಿಯಲ್ಲಿ ಮಾಡಬಹುದಾದದ್ದು: ಮರದ ಸಾಲಿನ ಪಟ್ಟಿಯನ್ನು ರಸ್ತೆಗಿಂತ ಸ್ವಲ್ಪ ತಗ್ಗಾಗಿಡಿ, ಅಂಚಿನ ಕಲ್ಲಿನಲ್ಲಿ ಅಲ್ಲಲ್ಲಿ ಸಂದು ಬಿಡಿ. ಮಳೆನೀರು ಮರಕ್ಕೆ ಹೋಗಿ, ಮಿಕ್ಕಿದ್ದು ಚರಂಡಿಗೆ ಬೀಳುತ್ತದೆ. ಮನೆಯ ಚಾವಣಿ ಪೈಪನ್ನು ಒಳಚರಂಡಿಗೆ ಕೊಡಲೇಬೇಡಿ. ಜೋರು ಮಳೆಯಲ್ಲಿ ಮ್ಯಾನ್‌ಹೋಲ್ ಉಕ್ಕುವುದಕ್ಕೆ ಇದೂ ಒಂದು ಕಾರಣ.

ಗಾಡಿಯವರನ್ನು ಎಬ್ಬಿಸಿ ಅಂತ ಬರೆಯಬೇಡಿ

ಸೊಪ್ಪಿನವರು, ಹೂವಿನವರು, ಸಂಜೆಯ ಗೋಬಿ ಗಾಡಿಯವರು ಇರೋದರಿಂದಲೇ ಒಂದು ಬೀದಿಯಲ್ಲಿ ಹೆಣ್ಣುಮಕ್ಕಳು ರಾತ್ರಿ ಒಂಬತ್ತಕ್ಕೂ ಧೈರ್ಯವಾಗಿ ನಡೆಯುತ್ತಾರೆ. ಅವರು ಮನೆಗೆ ಹೋದ ಮೇಲೆ ಬೀದಿ ಹೇಗಿರುತ್ತದೆ ನೋಡಿ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ವ್ಯಾಪಾರ ವಲಯ ಗುರುತಿಸೋಕೆ ಪಟ್ಟಣ ವ್ಯಾಪಾರ ಸಮಿತಿ ಇರಬೇಕು, ಅದರಲ್ಲಿ ಶೇ 40ರಷ್ಟು ವ್ಯಾಪಾರಿಗಳ ಪ್ರತಿನಿಧಿಗಳೇ. ನಿಮ್ಮ ನಕ್ಷೆಯಲ್ಲಿ 1.8 ಮೀಟರ್ ಬಿಟ್ಟು ಮರದ ಸಾಲಿನ ಪಟ್ಟಿಯಲ್ಲಿ ಅವರಿಗೂ ಜಾಗ ಬರೆಯಿರಿ. ಅವರನ್ನೇ ಕರೆದು ಕೇಳಿ ಬರೆದರೆ ಇನ್ನೂ ಒಳ್ಳೆಯದು.

ಮನವಿ ಬರೆಯುವ ಬಗೆ

ಈಗ ಕೈಯಲ್ಲಿ ಅಳತೆ ಇದೆ, ಫೋಟೋ ಇದೆ, ಬೀದಿಯವರ ಒಪ್ಪಿಗೆ ಇದೆ. ಒಂದು ಎ3 ಹಾಳೆಯಲ್ಲಿ ಬೀದಿಯ ನಕ್ಷೆ ಬರೆಯಿರಿ. ಅಂದವಾಗಿರಬೇಕಿಲ್ಲ. ಅಳತೆ ಸರಿಯಿದ್ದರಾಯಿತು. ಡಿಪ್ಲೊಮಾ ಓದುವ ಹುಡುಗರು ಬಡಾವಣೆಯಲ್ಲಿ ಇದ್ದೇ ಇರುತ್ತಾರೆ, ಅವರ ಕೈಗೆ ಕೊಡಿ.

ಮನವಿ ಒಂದು ಪುಟ ಮೀರಬಾರದು. ಹೀಗಿರಲಿ:

"ಮಾನ್ಯ ಆಯುಕ್ತರು, ತುಮಕೂರು ಮಹಾನಗರ ಪಾಲಿಕೆ. ವಿಷಯ: ಇಂಥ ವಾರ್ಡಿನ ಇಂಥ ರಸ್ತೆಯಲ್ಲಿ ಪಾದಚಾರಿ ಮಾರ್ಗ ಮತ್ತು ಮರದ ಸಾಲು. ಇಲ್ಲಿಂದ ಅಲ್ಲಿಯವರೆಗೆ ಒಟ್ಟು ಇಷ್ಟು ಮೀಟರ್. ಈಗ ನಡೆಯಲು ಸಿಗುವ ಕನಿಷ್ಠ ಅಗಲ ಇಷ್ಟು. ಐಆರ್‌ಸಿ 103ರಂತೆ ಬೇಕಾದದ್ದು 1.8 ಮೀಟರ್. ಅಡ್ಡಿಗಳ ಪಟ್ಟಿ ಮತ್ತು ನಕ್ಷೆ ಲಗತ್ತಿಸಿದೆ. ಮನೆ ಮುಂದಿನ ರ‍್ಯಾಂಪುಗಳನ್ನು ಸರಿಪಡಿಸಲು ಈ ಕೆಳಗೆ ಸಹಿ ಮಾಡಿದ ಮನೆಯವರು ಒಪ್ಪಿದ್ದೇವೆ. ಸ್ಥಳ ಪರಿಶೀಲಿಸಿ ಅಂದಾಜುಪಟ್ಟಿ ಮಾಡಿಸಬೇಕಾಗಿ ಕೋರುತ್ತೇವೆ."

ಕೊನೆಯ ಎರಡು ವಾಕ್ಯಕ್ಕೇ ಬೆಲೆ ಜಾಸ್ತಿ. ಒಪ್ಪಿಗೆ ಕೈಯಲ್ಲಿ ಹಿಡಿದುಕೊಂಡು ಬರುವ ಜನ ಕಚೇರಿಗಳಿಗೆ ಅಪರೂಪ. ಕಾನೂನಿನ ಒಂದು ಸಾಲು ಬೇಕಿದ್ದರೆ ಇದನ್ನು ಸೇರಿಸಿ: ಅಡ್ಡಿಯಿಲ್ಲದ ಫುಟ್‌ಪಾತ್ ಬಳಸುವ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ಅದಕ್ಕಿಂತ ಜಾಸ್ತಿ ಕಾನೂನು ಬೇಡ, ಮನವಿ ಜಗಳದ ಧಾಟಿಗೆ ತಿರುಗುತ್ತದೆ.

ಟಪಾಲು ಶಾಖೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಳ್ಳಿ. ಸೀಲಿಲ್ಲದ ಮನವಿ ಕೊಡದ ಮನವಿಗೆ ಸಮ. ಇನ್ನೊಂದು ಪ್ರತಿ ವಾರ್ಡ್ ಎಂಜಿನಿಯರ್‌ಗೆ, ಮತ್ತೊಂದು ಪಾಲಿಕೆ ಸದಸ್ಯರಿಗೆ. ಚುನಾಯಿತ ಸದಸ್ಯರಿಲ್ಲದ ಅವಧಿಯಾದರೆ ಆಡಳಿತಾಧಿಕಾರಿಗೆ. 35 ವಾರ್ಡ್‌ಗಳ ಪಾಲಿಕೆಯಲ್ಲಿ ಎಲ್ಲರೂ ಕೇಳೋದು ಡಾಂಬರನ್ನೇ. ಆದ್ದರಿಂದ ಹೊತ್ತು ನೋಡಿ ಕೊಡಬೇಕು. ಬಜೆಟ್ ಏಪ್ರಿಲ್‌ಗೆ ಮುಂಚೆ ಆಗುತ್ತದೆ. ಅದಕ್ಕೂ ಮೊದಲು ಸಾರ್ವಜನಿಕರ ಸಲಹೆ ಕೇಳುವ ಸಭೆ ಕರೆಯುತ್ತಾರೆ. ನವೆಂಬರ್ ಹೊತ್ತಿಗೆ ನಿಮ್ಮ ಕಾಗದ ಒಳಗಿರಲಿ, ಸಭೆಗೆ ಐದಾರು ಜನ ಹೋಗಿ ಅದೇ ಇನ್‌ವರ್ಡ್ ನಂಬರ್ ಹೇಳಿ.

ಉತ್ತರ ಬರದಿದ್ದರೆ ರಾಜ್ಯ ಸರ್ಕಾರದ ಕುಂದುಕೊರತೆ ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರು ದಾಖಲಿಸಬಹುದು. ಅದಕ್ಕೂ ಜಗ್ಗದಿದ್ದರೆ ಮಾಹಿತಿ ಹಕ್ಕು ಅರ್ಜಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ ಗಡುವು 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. "ಯಾಕೆ ಮಾಡಿಲ್ಲ" ಅಂತ ಕೇಳಬೇಡಿ, ಅದಕ್ಕೆ ಉತ್ತರ ಕೊಡಲೇಬೇಕೆಂದಿಲ್ಲ. "ಇಂಥ ನಂಬರಿನ ಮನವಿಯ ಮೇಲೆ ಆದ ಕ್ರಮದ ಟಿಪ್ಪಣಿ ಹಾಳೆಯ ಪ್ರತಿ ಕೊಡಿ" ಅಂತ ಕೇಳಿ. ಎಷ್ಟೋ ಸಲ ಆ ಅರ್ಜಿ ಬಂದ ಮೇಲೇ ಕಡತ ಮೇಜು ಬದಲಾಯಿಸುತ್ತದೆ.

ಮಾಸ್ಟರ್ ಪ್ಲಾನ್ ಬಂದಾಗ

ಒಂದು ಬೀದಿ ಸರಿ ಮಾಡೋದು ಪಾಲಿಕೆಯ ಮಟ್ಟದ ಕೆಲಸ. ಮುಂದೆ ಊರು ಯಾವ ಕಡೆ, ಹೇಗೆ ಬೆಳೆಯಬೇಕು ಅನ್ನೋದು ಮಾಸ್ಟರ್ ಪ್ಲಾನ್‌ನಲ್ಲಿ ತೀರ್ಮಾನವಾಗುತ್ತದೆ. ತುಮಕೂರು ಬೆಂಗಳೂರು ಹೆದ್ದಾರಿಯ ಕಡೆಗೂ, ವಸಂತನರಸಾಪುರ ಕೈಗಾರಿಕಾ ಪ್ರದೇಶದ ಕಡೆಗೂ ಚಾಚುತ್ತಿರುವಾಗ ಇದನ್ನು ಕಡೆಗಣಿಸೋಕಾಗೋಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಹತ್ತು ವರ್ಷಕ್ಕೊಮ್ಮೆಯಾದರೂ ಹೊಸ ಸಮೀಕ್ಷೆ ಮಾಡಿ ಯೋಜನೆ ಪರಿಷ್ಕರಿಸಬೇಕು. ಕರಡು ಪ್ರಕಟವಾದ ಮೇಲೆ ಜನರ ಅಭಿಪ್ರಾಯಕ್ಕೆ 60 ದಿನ ಅವಕಾಶ ಇರುತ್ತದೆ. ಆ ಪ್ರಕಟಣೆ ಪೇಪರಿನ ಒಳಪುಟದಲ್ಲಿ ಸಣ್ಣ ಅಕ್ಷರದಲ್ಲಿ ಬರುತ್ತದೆ, ಹಾಗಾಗಿ ಬಡಾವಣೆಯ ಒಬ್ಬರಿಗೆ ಅದನ್ನು ನೋಡುವ ಕೆಲಸವನ್ನೇ ವಹಿಸಿ. ಅರವತ್ತು ದಿನ ಕಳೆದ ಮೇಲೆ ಕಟ್ಟೆಯ ಮೇಲೆ ಕೂತು ಬೈದುಕೊಳ್ಳಬಹುದು ಅಷ್ಟೆ.

ಕರಡು ನಕ್ಷೆ ಕೈಗೆ ಸಿಕ್ಕಾಗ ನಾನು ಮೊದಲು ನೋಡೋದು ಬಡಾವಣೆಗಳ ನಡುವಿನ ಸಂಪರ್ಕ. ಕಣ್ಣಳತೆಯಲ್ಲಿರುವ ಪಕ್ಕದ ಲೇಔಟ್‌ಗೆ ಗೋಡೆ ಅಡ್ಡ ಬಂದು ಒಂದು ಕಿಲೋಮೀಟರ್ ಸುತ್ತಿ ಹೋಗಬೇಕಾದ ಕಡೆ ಯಾರೂ ನಡೆಯೋಲ್ಲ. ಹೊಸ ಲೇಔಟ್‌ಗಳ ಮಧ್ಯೆ ಹತ್ತಡಿಯ ಓಣಿಯಾದರೂ ಬಿಡಬೇಕು ಅಂತ ಬರೆಯಿರಿ. ಎರಡನೆಯದು, ಮನೆಗಳ ನಡುವೆ ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಕ್ಲಿನಿಕ್‌ಗೆ ಅವಕಾಶ. ಇವೆಲ್ಲ ಮುಖ್ಯರಸ್ತೆಯಲ್ಲೇ ಇರಲಿ ಅಂದರೆ ಎಲ್ಲದಕ್ಕೂ ಗಾಡಿ ಬೇಕಾಗುತ್ತದೆ. ಬಸ್ ಓಡಾಡುವ ರಸ್ತೆಗಳ ಹತ್ತಿರ ಮೂರ್ನಾಲ್ಕು ಮಹಡಿಯ ಸಣ್ಣ ಮನೆಗಳಿಗೆ ಜಾಗ ಕೇಳಿ. ಕಾರ್ಖಾನೆಗೆ ಹೋಗುವವರು, ಬಾಡಿಗೆಗೆ ಇರುವವರು ಊರಾಚೆಯ ಸೈಟುಗಳಲ್ಲೇ ಬಾಳಬೇಕೆಂದರೆ ಅವರ ಸಂಬಳದಲ್ಲಿ ಒಂದು ಪಾಲು ಪೆಟ್ರೋಲಿಗೇ ಹೋಗುತ್ತದೆ. ಕೆರೆ, ರಾಜಕಾಲುವೆ, ಗೋಮಾಳ ನಕ್ಷೆಯಲ್ಲಿ ಯಾವ ಬಣ್ಣದಲ್ಲಿವೆ ಅನ್ನೋದನ್ನ ಹಳೆಯ ಗ್ರಾಮ ನಕ್ಷೆಯ ಜೊತೆ ಇಟ್ಟು ನೋಡಿ. ಬಣ್ಣ ಬದಲಾಗಿದ್ದರೆ ಸರ್ವೆ ನಂಬರ್ ಸಮೇತ ಆಕ್ಷೇಪಣೆ ಹಾಕಿ.

ಸೈಟು ಕೊಳ್ಳುವವರಿಗೆ ಒಂದು ಮಾತು

ಬ್ರೋಷರ್‌ನಲ್ಲಿ ಹಸಿರಾಗಿ ಕಾಣುವ ಪಾರ್ಕು ನೆಲದ ಮೇಲೂ ಇರುತ್ತದೆ ಅಂತ ನಂಬಬೇಡಿ. 500 ಚದರ ಮೀಟರ್ ಮೀರಿದ ಅಥವಾ ಎಂಟಕ್ಕಿಂತ ಹೆಚ್ಚು ಸೈಟು, ಮನೆಗಳಿರುವ ಯೋಜನೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ಅಂದರೆ ರೇರಾದಲ್ಲಿ ನೋಂದಣಿ ಆಗಿರಬೇಕು. ಕರ್ನಾಟಕ ರೇರಾ ಜಾಲತಾಣದಲ್ಲಿ ಅನುಮೋದಿತ ನಕ್ಷೆ ತೆಗೆದು ಪಾರ್ಕು, ಸಿ.ಎ. ಸೈಟು (ಸಾರ್ವಜನಿಕ ಸೌಲಭ್ಯಕ್ಕೆ ಬಿಟ್ಟ ಜಾಗ), ರಸ್ತೆ ಅಗಲ ನೋಡಿಕೊಳ್ಳಿ. ನಕ್ಷೆ ಹಿಡಿದು ಜಾಗಕ್ಕೆ ಹೋಗಿ, ಟೇಪಿನಲ್ಲಿ ಅಳೆಯಿರಿ. ಪಾರ್ಕು ಮತ್ತು ರಸ್ತೆಯನ್ನು ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟ ಪರಿತ್ಯಾಜನ ಪತ್ರ ಇದೆಯಾ ಅಂತ ಕೇಳಿ. ಅದಿಲ್ಲದಿದ್ದರೆ ನಾಳೆ ಪಾರ್ಕಿನ ಮೇಲೆ ಇನ್ನೆರಡು ಸೈಟು ಎದ್ದರೂ ಎದ್ದಾವು. ಪಾರ್ಕಿನ ಗೇಟು ಯಾವ ಕಡೆ ಅನ್ನೋದೂ ಮುಖ್ಯ. ಒಂದೇ ಗೇಟು, ಅದೂ ಮುಖ್ಯರಸ್ತೆಗೆ ಅಂದರೆ ಹಿಂದಿನ ಸಾಲಿನವರಿಗೆ ಆ ಪಾರ್ಕು ಇದ್ದೂ ಇಲ್ಲ.

ಕೆಲಸ ಶುರುವಾದ ಮೇಲೆ

ಟೆಂಡರ್ ಆಗಿ ಜೆಸಿಬಿ ಬಂದ ದಿನ ಖುಷಿಯಿಂದ ಮನೆಯೊಳಗೆ ಕೂರಬೇಡಿ. ಕೆಲಸದ ಅಂದಾಜುಪಟ್ಟಿಯ ಪ್ರತಿ ತೆಗೆದುಕೊಂಡಿರಿ. ಚರಂಡಿ ಚಪ್ಪಡಿ ಹಾಕುವ ಮುಂಚೆ ಹೂಳು ತೆಗೆದರಾ, ಕೇಬಲ್‌ಗೆ ಪೈಪು ಬಿಟ್ಟರಾ, ಮರದ ಸುತ್ತ ಒಂದು ಮೀಟರ್ ಬಿಟ್ಟರಾ ನೋಡಿ. ಚಪ್ಪಡಿ ಮುಚ್ಚಿದ ಮೇಲೆ ಇದ್ಯಾವುದೂ ಕಾಣೋಲ್ಲ. ತಪ್ಪು ಕಂಡರೆ ಕೂಲಿಯವರ ಮೇಲೆ ಕೂಗಾಡಬೇಡಿ, ಅವರ ಕೈಯಲ್ಲಿ ಏನೂ ಇಲ್ಲ. ಫೋಟೋ ತೆಗೆದು ಎಂಜಿನಿಯರ್‌ಗೆ ಅವತ್ತೇ ಕಳಿಸಿ.

ಗುತ್ತಿಗೆಯಲ್ಲಿ ದೋಷ ಹೊಣೆಗಾರಿಕೆ ಅವಧಿ ಅಂತ ಒಂದಿರುತ್ತದೆ, ಕಚೇರಿಯಲ್ಲಿ ಡಿಎಲ್‌ಪಿ ಅನ್ನುತ್ತಾರೆ. ಅದು ಎಷ್ಟು ತಿಂಗಳು, ಯಾವ ತಾರೀಖಿಗೆ ಮುಗಿಯುತ್ತದೆ ಅಂತ ಕೇಳಿ ಬರೆದಿಟ್ಟುಕೊಳ್ಳಿ. ಅಷ್ಟರೊಳಗೆ ಚಪ್ಪಡಿ ಮುರಿದರೆ, ಪೇವರ್ ಕುಸಿದರೆ ಸರಿ ಮಾಡೋದು ಗುತ್ತಿಗೆದಾರರ ಖರ್ಚು. ಮುಗಿಯುವ ಒಂದು ತಿಂಗಳು ಮುಂಚೆ ಮತ್ತೆ ಟೇಪು ಹಿಡಿದು ಅದೇ ಅಜ್ಜಿಯ ಜೊತೆ ಬೀದಿ ನಡೆದು, ಸಿಕ್ಕಿದ ದೋಷಗಳ ಪಟ್ಟಿಯನ್ನು ಸೀಲು ಹಾಕಿಸಿ ಕೊಡಿ. ಆಮೇಲೆ ಯಾರಾದರೂ ಕೇಬಲ್ ಹಾಕೋಕೆ ಅಗೆದರೆ, ಅಗೆಯುವ ಮುಂಚೆಯೇ ರಸ್ತೆ ಅಗೆತದ ಅನುಮತಿ ಪತ್ರ ಕೇಳಿ ಫೋಟೋ ತೆಗೆದುಕೊಳ್ಳಿ. ಮೊದಲಿನ ಹಾಗೆ ಮುಚ್ಚಿಸೋಕೆ ಯಾರನ್ನು ಹಿಡಿಯಬೇಕು ಅನ್ನೋದು ಅದರಲ್ಲಿರುತ್ತದೆ.